ಮುಂದಿನ ಹಾಳೆಗೆ ಒಂದು ಗುಂಡಿ

ಆಸ್ಪತ್ರೆಯ ಎರಡನೇ ಮಹಡಿಯಲ್ಲಿದ್ದ ಡಯಾಲಿಸಿಸ್ ವಿಭಾಗದಲ್ಲಿ ಅವಳನ್ನು ಎಲ್ಲರೂ ಶೀಟಕ್ಕ ಎಂದು ಕರೆಯುತ್ತಿದ್ದರು. ಮೊದಲು ಹಾಗೆ ಕರೆದವರು ಯಾರೋ, ಯಾರಿಗೂ ನೆನಪಿಲ್ಲ. ರೋಗಿಗಳು ಕರೆದರು, ನರ್ಸುಗಳು ಕರೆದರು, ಕೊನೆಗೆ ದೊಡ್ಡ ಡಾಕ್ಟರೂ ಫೋನ್ ಮಾಡಿ "ಶೀಟಕ್ಕ ಇದ್ದಾರಾ?" ಎಂದು ಕೇಳುವಷ್ಟಕ್ಕೆ ಬಂತು. ಅವಳಿಗೆ ಬೇಸರವಿರಲಿಲ್ಲ. ಅವಳ ದಿನವೆಲ್ಲ ಕಳೆಯುತ್ತಿದ್ದುದೇ ಹಾಳೆಗಳ, ಅಂದರೆ ಶೀಟುಗಳ, ನಡುವೆ. ಕಾಗದದ ಹಾಳೆಗಳಲ್ಲ, ಕಂಪ್ಯೂಟರಿನೊಳಗಿನವು. ಒಬ್ಬೊಬ್ಬ ರೋಗಿಗೆ ಒಂದೊಂದು ಹಾಳೆ, ಎಲ್ಲವೂ ಸೇರಿ ಒಂದೇ ಫೈಲು.

ಅವಳ ಮೇಜು ಬಾಗಿಲ ಪಕ್ಕದಲ್ಲಿ, ತೂಕದ ಯಂತ್ರಕ್ಕೆ ತಾಗಿಕೊಂಡಂತೆ ಇತ್ತು. ಬಂದವರು ಮೊದಲು ಚಪ್ಪಲಿ ಬಿಟ್ಟು ತೂಕ ಹತ್ತಬೇಕು. ಮೂತ್ರಪಿಂಡ ಸೋತವರ ಮೈಯಲ್ಲಿ ಕುಡಿದ ನೀರು ಹಾಗೇ ಉಳಿದುಬಿಡುತ್ತದೆ. ಆ ನೀರು ಇಲ್ಲದಾಗ ಒಬ್ಬ ಮನುಷ್ಯನ ತೂಕ ಎಷ್ಟಿರಬೇಕೋ ಅದನ್ನು ಅಲ್ಲಿ 'ಒಣ ತೂಕ' ಎನ್ನುತ್ತಾರೆ. ಬಂದ ತೂಕದಿಂದ ಒಣ ತೂಕ ಕಳೆದರೆ ಯಂತ್ರ ಎಷ್ಟು ನೀರು ತೆಗೆಯಬೇಕು ಎಂಬುದು ಗೊತ್ತಾಗುತ್ತದೆ. ಆ ಒಣ ತೂಕ ಇರುತ್ತಿದ್ದುದು ಶೀಟಕ್ಕನ ಹಾಳೆಗಳಲ್ಲಿ.

ಅವಳು ಅಲ್ಲಿಗೆ ಮೊದಲು ಬಂದದ್ದು ಕೆಲಸಕ್ಕಲ್ಲ, ಗಂಡನ ಜೊತೆ. ಅವನು ಪೀಠೋಪಕರಣಗಳಿಗೆ ಪಾಲಿಶ್ ಹಾಕುವ ಕೆಲಸದವನು. ವಾರಕ್ಕೆ ಮೂರು ಸಲ ಅವನನ್ನು ಒಳಗೆ ಬಿಟ್ಟು, ಹೊರಗಿನ ಬೆಂಚಿನ ಮೇಲೆ ಕೂತು ಕಾಯುವುದೇ ಅವಳ ಬದುಕಾಗಿತ್ತು. ಅದಕ್ಕಾಗಿ ಕೊರಿಯರ್ ಆಫೀಸಿನಲ್ಲಿದ್ದ ಟೈಪಿಂಗ್ ಕೆಲಸವನ್ನೂ ಬಿಟ್ಟಿದ್ದಳು. ಒಂದು ಬೆಳಿಗ್ಗೆ ಆಸ್ಪತ್ರೆಗೆ ಹೊರಡಲೆಂದು ಮಂಚದ ಅಂಚಿನಲ್ಲಿ ಕೂತು ಬೂಟಿನ ದಾರ ಕಟ್ಟುತ್ತಿದ್ದವನು ಹಾಗೇ ಪಕ್ಕಕ್ಕೆ ವಾಲಿದ. ಅವಳು ಅಡುಗೆಮನೆಯಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮನೆಯಲ್ಲಿ ಉಳಿದದ್ದು ಅವಳು ಮತ್ತು ಅವಳ ಅತ್ತೆ.

ಕೆಲವು ತಿಂಗಳ ನಂತರ ವಿಭಾಗದ ಇನ್‌ಚಾರ್ಜ್ ಸಿಸ್ಟರ್ ಫೋನ್ ಮಾಡಿದರು. "ನಮ್ಮ ಟೈಪಿಂಗ್ ಹುಡುಗಿ ಮದುವೆಯಾಗಿ ಹೋದ್ಲು ಕಣಮ್ಮ. ನಿನಗೆ ಇಲ್ಲಿ ಎಲ್ಲರ ಪರಿಚಯ ಇದೆ. ಬರ್ತೀಯಾ? ಬರೋಕೆ ಮನಸ್ಸಾಗಲ್ಲ ಅಂದ್ರೂ ಬೇಜಾರಿಲ್ಲ."

ಮನಸ್ಸೇನೂ ಆಗಲಿಲ್ಲ. ಆದರೂ ಹೋದಳು. ಮನೆಯಲ್ಲಿ ಕೂತು ಗೋಡೆ ನೋಡುವುದಕ್ಕಿಂತ ಅದೇ ವಾಸಿ ಎನಿಸಿತ್ತು.

ಮೊದಲ ದಿನವೇ ಸಿಸ್ಟರ್ ಹೇಳಿದರು: "ಹೋದವರ ಹಾಳೆಗಳು ತುಂಬ ಉಳಿದುಬಿಟ್ಟಿವೆ. ಬೇಕಾದವರದ್ದು ಹುಡುಕೋಕೆ ಆಗಲ್ಲ. ಅವನ್ನೆಲ್ಲ ಅಳಿಸಿಬಿಡು." ಹೇಳಿದ ಮೇಲೆ ಅವರಿಗೇ ಹೊಳೆಯಿತು. ಅವಳ ಭುಜ ಮುಟ್ಟಿ, "ನಿಧಾನಕ್ಕೆ ಮಾಡು," ಎಂದು ಹೋದರು.

ಪರದೆಯ ಕೆಳಗಿನ ಸಾಲಿನಲ್ಲಿ ಗಂಡನ ಹೆಸರು ಇತ್ತು. ಅದರ ಮೇಲೆ ಮೌಸ್ ಇಟ್ಟು ಬಲಗುಂಡಿ ಒತ್ತಿದಳು. ಸಣ್ಣದೊಂದು ಪಟ್ಟಿ ತೆರೆಯಿತು. ಅದರಲ್ಲಿ ಅಳಿಸು ಎಂಬುದಿತ್ತು, ಅದರ ಕೆಳಗೆಲ್ಲೋ ಬಚ್ಚಿಡು ಎಂಬುದೂ ಇತ್ತು. ಬಹಳ ಹೊತ್ತು ಕೂತಿದ್ದು, ಬಚ್ಚಿಟ್ಟಳು. ಅವನದನ್ನು ಉಳಿಸಿಕೊಂಡ ಮೇಲೆ ಬೇರೆಯವರದನ್ನು ಅಳಿಸಲು ಕೈ ಬರಲಿಲ್ಲ. ಹೋದವರೆಲ್ಲರ ಹಾಳೆಗಳನ್ನೂ ಹಾಗೇ ಬಚ್ಚಿಟ್ಟಳು. ಪರದೆಯ ಮೇಲೆ ಕಾಣುವುದಿಲ್ಲ, ಆದರೆ ಇದ್ದ ಜಾಗದಲ್ಲೇ ಇವೆ.

ಸಂಜೆ ಮನೆಯಲ್ಲಿ ಅತ್ತೆಗೆ ಹೇಳಿದಳು. ಅತ್ತೆ ಬಟ್ಟೆ ಮಡಚುತ್ತಿದ್ದವರು ತಲೆ ಎತ್ತದೆ, "ಒಳ್ಳೇದು ಮಾಡ್ದೆ. ಯಾರಿಗೂ ಭಾರ ಇಲ್ವಲ್ಲ," ಎಂದರು.

ವಿಭಾಗದಲ್ಲಿ ಒಂದೇ ಹೆಸರಿನ ಇಬ್ಬರು ಹೆಂಗಸರಿದ್ದರು. ಗೊಂದಲವಾಗದಿರಲೆಂದು ಕೂರುವ ಜಾಗ ನೋಡಿ ಒಬ್ಬರಿಗೆ ಕಿಟಕಿಯಮ್ಮ, ಇನ್ನೊಬ್ಬರಿಗೆ ಬಾಗಿಲಮ್ಮ ಎಂದು ಹೆಸರಿಟ್ಟಿದ್ದರು. ಕಿಟಕಿಯಮ್ಮ ಕಡ್ಡಿಯಂತಿದ್ದರು, ಬಾಗಿಲಮ್ಮ ಅವರಿಗಿಂತ ಸ್ವಲ್ಪ ತುಂಬಿಕೊಂಡವರು. ಕಂಪ್ಯೂಟರಿನಲ್ಲಿ ಇಬ್ಬರ ಹಾಳೆಗಳೂ ಅಕ್ಕಪಕ್ಕದಲ್ಲಿದ್ದವು. ಹೆಸರುಗಳ ಸಾಲು ಎಷ್ಟು ಉದ್ದವಾಗಿತ್ತೆಂದರೆ, ಪುಟ್ಟ ಬಾಣದ ಗುರುತು ಒತ್ತಿ ಒತ್ತಿ ಸರಿಸುತ್ತಾ ಹೋಗಿ, ಅರ್ಧ ಕಾಣುವ ಹೆಸರನ್ನು ಊಹಿಸಿ ಹಿಡಿಯಬೇಕಿತ್ತು.

ಅವಳು ಊಟಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ನರ್ಸೊಬ್ಬಳು ಅವಸರದಲ್ಲಿ ಬಾಗಿಲಮ್ಮನ ಹಾಳೆ ಎಂದುಕೊಂಡು ಕಿಟಕಿಯಮ್ಮನ ಹಾಳೆ ತೆರೆದಳು. ಒಣ ತೂಕ ಕಡಿಮೆ ಕಂಡಿತು. ಹೆಚ್ಚು ನೀರು ತೆಗೆಯುವಂತೆ ಯಂತ್ರಕ್ಕೆ ಕೊಟ್ಟಳು. ಶೀಟಕ್ಕ ಊಟದ ಡಬ್ಬಿ ತೊಳೆದುಕೊಂಡು ಬರುತ್ತಿದ್ದಾಗ ಒಳಗಿನಿಂದ ಕೂಗು ಕೇಳಿತು. ಬಾಗಿಲಮ್ಮನ ಕಾಲುಗಳು ಸೆಟೆದುಕೊಂಡಿದ್ದವು, ಮುಖ ಸುಣ್ಣದಂತಾಗಿತ್ತು, ಕಣ್ಣುಗಳು ಮೇಲೆ ಸಿಕ್ಕಿಕೊಂಡಿದ್ದವು. ಕುರ್ಚಿಯನ್ನು ಮಲಗಿಸಿ, ಕಾಲು ಎತ್ತಿ ಹಿಡಿದು, ಸಲೈನ್ ಬಿಟ್ಟರು. ಬಹಳ ಹೊತ್ತಿನ ಮೇಲೆ ಆಕೆ ಕಣ್ಣು ತೆರೆದು, "ಮನೆಗೆ ಹೇಳ್ಬೇಡಿ, ಹೆದರ್ಕೋತಾರೆ," ಎಂದರು.

ನರ್ಸು ಬಟ್ಟೆ ಕೋಣೆಯಲ್ಲಿ ನಿಂತು ಅತ್ತಳು. ಶೀಟಕ್ಕ ಅವಳ ಬೆನ್ನು ಸವರಿದಳು. ಆದರೆ ತಪ್ಪು ಆ ಹುಡುಗಿಯದೊಂದೇ ಎನಿಸಲಿಲ್ಲ. ತಾನು ಜೋಡಿಸಿಟ್ಟ ಹಾಳೆಗಳೇ ಅಲ್ಲವೇ?

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ," ಎಂದರು ಅತ್ತೆ ಆ ರಾತ್ರಿ, ಅವಳ ಮುಂದಿದ್ದ ಮುಟ್ಟದ ತಟ್ಟೆ ನೋಡುತ್ತಾ. "ಎತ್ತು ಯಾವುದು ಎಮ್ಮೆ ಯಾವುದು ಅಂತ ತಿಳಿಯೋ ಹಾಗೆ ಮಾಡೋಕೆ ನಿನ್ನ ಕೈಲಿ ಆಗುತ್ತಾ? ಆದ್ರೆ ಮಾಡು. ಆಗಲ್ಲ ಅಂದ್ರೆ ಊಟ ಮಾಡಿ ಮಲಗು. ಎರಡೂ ಬಿಟ್ಟು ಹೀಗೆ ಕೂತ್ರೆ ಯಾರಿಗೇನು ಬಂತು?"

ಹಾಗೆ ಅವಳು ಮ್ಯಾಕ್ರೋ ಕಲಿಯಲು ಕೂತಳು. ಆ ಪದವನ್ನು ಕೊರಿಯರ್ ಆಫೀಸಿನಲ್ಲಿ ಕೇಳಿದ್ದಳು, ಅಷ್ಟೇ. ನಾವು ಕೈಯಾರೆ ಒಂದು ಸಲ ಮಾಡಿ ತೋರಿಸಿದ್ದನ್ನು ಕಂಪ್ಯೂಟರ್ ನೆನಪಿಟ್ಟುಕೊಂಡು, ಮುಂದೆ ಒಂದು ಗುಂಡಿ ಒತ್ತಿದರೆ ತಾನೇ ಮಾಡುವುದು: ಅಷ್ಟೇ ಸಂಗತಿ ಎಂದು ಓದಿ ತಿಳಿದುಕೊಂಡಳು. 'ರೆಕಾರ್ಡ್' ಒತ್ತಿ, ಬಾಗಿಲಮ್ಮನ ಹಾಳೆಗೆ ಹೋಗಿ, ನಿಲ್ಲಿಸಿದಳು. ಮತ್ತೆ ಮೊದಲ ಹಾಳೆಗೆ ಬಂದು ಆ ಮ್ಯಾಕ್ರೋ ಓಡಿಸಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಬಾಗಿಲಮ್ಮನ ಹಾಳೆ ಎದುರಿಗಿತ್ತು. ಅವಳು ಸಣ್ಣಗೆ ನಕ್ಕಳು. ಗಂಡ ಹೋದ ಮೇಲೆ ಆ ಕುರ್ಚಿಯಲ್ಲಿ ಅವಳು ನಕ್ಕದ್ದನ್ನು ಯಾರೂ ನೋಡಿರಲಿಲ್ಲ.

ಮೊದಲ ಹಾಳೆಯಲ್ಲಿ ಆ ಕೋಣೆಯದೇ ಒಂದು ನಕ್ಷೆ ಬರೆದಳು. ಕಿಟಕಿ ಇದ್ದಲ್ಲಿ ಕಿಟಕಿ, ಬಾಗಿಲಿದ್ದಲ್ಲಿ ಬಾಗಿಲು, ಒಂದೊಂದು ಕುರ್ಚಿಗೆ ಒಂದೊಂದು ಗುಂಡಿ. ಎದುರಿಗೆ ಕೂತವರು ಯಾರೋ, ನಕ್ಷೆಯಲ್ಲಿ ಅದೇ ಜಾಗ ಒತ್ತಿದರೆ ಅವರ ಹಾಳೆಯೇ ಬರಬೇಕು. ಪ್ರತಿ ಹಾಳೆಯ ಮೂಲೆಯಲ್ಲಿ 'ಮನೆಗೆ' ಎಂಬ ಗುಂಡಿ ಇಟ್ಟಳು. ಒತ್ತಿದರೆ ಮತ್ತೆ ನಕ್ಷೆಗೆ. ಎಲ್ಲ ಮುಗಿಸಿ, ಸೇವ್ ಮಾಡಿ, ಮರುದಿನ ಸಿಸ್ಟರಿಗೆ ತೋರಿಸಲು ತೆರೆದರೆ ಗುಂಡಿಗಳು ಕಲ್ಲಿನಂತೆ ಕೂತಿದ್ದವು. ಮ್ಯಾಕ್ರೋ ಇರುವ ಫೈಲನ್ನು ಬೇರೆ ಬಗೆಯಲ್ಲಿ ಉಳಿಸಬೇಕಂತೆ. ಮಾಮೂಲಿನಂತೆ ಉಳಿಸಿದರೆ ಮ್ಯಾಕ್ರೋಗಳೆಲ್ಲ ಉದುರಿಹೋಗುತ್ತವಂತೆ. ಉಳಿಸುವಾಗ ಅದು ಎಚ್ಚರಿಸಿಯೂ ಇತ್ತು. ಇವಳು ಓದದೆ 'ಆಗಲಿ' ಎಂದಿದ್ದಳು.

"ಹೊಳೇಲಿ ಹುಣಸೇಹಣ್ಣು ತೊಳೆದ ಹಾಗಾಯ್ತು ಸಿಸ್ಟರ್," ಎಂದು ತಲೆಯ ಮೇಲೆ ಕೈ ಹೊತ್ತು ಕೂತಳು. ಮತ್ತೆ ಮೊದಲಿನಿಂದ ಶುರು ಮಾಡಿದಳು.

ಅವಳ ಮೇಜಿಗೆ ಎಲ್ಲಕ್ಕಿಂತ ಹತ್ತಿರದ ಕುರ್ಚಿ ಸಿಗ್ನಲ್ ತಾತನದು. ರೈಲಿನ ಸಿಗ್ನಲ್ ಕ್ಯಾಬಿನ್ನಿನಲ್ಲಿ ಲಿವರ್ ಎಳೆದು ಹಳಿ ಬದಲಿಸುವ ಕೆಲಸ ಮಾಡಿ ನಿವೃತ್ತರಾದವರು. ಹೆಂಡತಿ ಇರಲಿಲ್ಲ, ಹೊಲಿಗೆ ಅಂಗಡಿ ನಡೆಸುವ ಮಗಳ ಜೊತೆಗಿದ್ದರು. ಟಿವಿ ಎಂದರೆ ಆಗದು. ಒಂದು ಕೈ ಯಂತ್ರಕ್ಕೆ ಕಟ್ಟಿಹಾಕಿದ್ದರೂ ಇನ್ನೊಂದು ಕೈ ಆಡಿಸುತ್ತಾ ಶೀಟಕ್ಕನ ಕಂಪ್ಯೂಟರ್ ನೋಡುವುದೇ ಅವರ ಕಾಲಕ್ಷೇಪ.

ಡಾಕ್ಟರ್ ರೌಂಡ್ಸಿಗೆ ಬಂದಾಗ ಒಬ್ಬರಾದ ಮೇಲೆ ಒಬ್ಬರ ಹಾಳೆ ತೋರಿಸಲು ಅವಳು 'ಮುಂದಿನದು' ಎಂಬ ಗುಂಡಿಯನ್ನೂ ಮಾಡಿದ್ದಳು. ಅದು ಸ್ವಲ್ಪ ದೂರ ಸರಾಗವಾಗಿ ಹೋಗಿ ಥಟ್ಟನೆ ನಿಲ್ಲುತ್ತಿತ್ತು. ಟಣ್ ಎಂದು ಸದ್ದು ಮಾಡಿ, ಇಂಗ್ಲಿಷಿನಲ್ಲಿ ಏನೋ ಬೈದು, ಒಂದು ಸಾಲನ್ನು ಹಳದಿ ಮಾಡಿ ತೋರಿಸುತ್ತಿತ್ತು.

"ಯಾಕಮ್ಮ ಅದು ಮುಖ ಹಳದಿ ಮಾಡ್ಕೊಂಡಿದೆ?" ಎಂದರು ತಾತ.

"ಮುಂದಿನ ಹಾಳೆ ಬಚ್ಚಿಟ್ಟಿದ್ದೀನಿ ತಾತ. ಬಚ್ಚಿಟ್ಟದ್ದನ್ನ ತೆರೆಯೋಕೆ ಅದಕ್ಕೆ ಬರಲ್ಲ. ಅಲ್ಲೇ ನಿಂತುಬಿಡುತ್ತೆ."

"ಯಾರದ್ದು ಹಾಳೆ?"

ಅವಳು ತಡವರಿಸಿ, "ಹೋದವರದ್ದು," ಎಂದಳು.

ತಾತ ತಮ್ಮ ಪಕ್ಕದ ಯಂತ್ರದತ್ತ ತಿರುಗಿದರು. ಯಂತ್ರದ ಚಕ್ರ ರಕ್ತವನ್ನು ದೂಡುತ್ತಾ ತಿರುಗುತ್ತಿತ್ತು.

"ನಮ್ಮ ಲೈನಲ್ಲಿ ಒಂದು ಸ್ಟೇಷನ್ ಮುಚ್ಚಿದ್ರು," ಎಂದರು ಆಮೇಲೆ. "ಹಳಿ ಏನು ಕಿತ್ತು ಹಾಕಲಿಲ್ಲ. ಗಾಡಿ ಹೊರಡೋಕೆ ಮುಂಚೇನೇ ಡ್ರೈವರಿಗೆ ಹೇಳ್ತಿದ್ರು, ಅಲ್ಲಿ ನಿಲ್ಲಿಸಬೇಡಪ್ಪ ಅಂತ. ನೀನು ಇದಕ್ಕೆ ಹೇಳಿದೀಯಾ?"

"ಏನಂತ ಹೇಳಲಿ?"

"ಹೋಗೋಕೆ ಮೊದಲು ಕೇಳು ಅಂತ. ತೆಗೆದಿದೆಯಾ, ಮುಚ್ಚಿದೆಯಾ? ಮುಚ್ಚಿದ್ರೆ ಅದರಾಚೆಯದ್ದು ಕೇಳಲಿ. ಅದೂ ಮುಚ್ಚಿದ್ರೆ ಅದರಾಚೆಯದ್ದು. ತೆಗೆದಿರೋದು ಸಿಕ್ಕಾಗ ಹೋಗಲಿ."

ಅದನ್ನು ಮ್ಯಾಕ್ರೋದ ಭಾಷೆಯಲ್ಲಿ ಹೇಗೆ ಬರೆಯುವುದೆಂದು ಹುಡುಕಲು ಅವಳಿಗೆ ಒಂದು ವಾರ ಹಿಡಿಯಿತು. ರೆಕಾರ್ಡ್ ಮಾಡಿ ಆಗುವ ಕೆಲಸವಲ್ಲ ಅದು, ಕೈಯಲ್ಲೇ ಬರೆಯಬೇಕಿತ್ತು. ಬರೆದು, ಒತ್ತುತ್ತಾ ಕೊನೆಯವರೆಗೆ ಹೋದಳು. ಕಂಪ್ಯೂಟರ್ ಉಸಿರು ಹಿಡಿದಂತೆ ನಿಂತಿತು. ಮೌಸ್ ಅಲ್ಲಾಡಲಿಲ್ಲ, ಏನು ಒತ್ತಿದರೂ ಕೇಳಲಿಲ್ಲ.

ತಾತ ಇಣುಕಿ ನೋಡಿದರು. "ಕೊನೇ ಸ್ಟೇಷನ್ ಯಾವುದು ಅಂತ ಹೇಳಿದೀಯಾ?"

ಹೇಳಿರಲಿಲ್ಲ. ಕೊನೆಯ ಹಾಳೆಗಳೆಲ್ಲ ಬಚ್ಚಿಟ್ಟವೇ ಆಗಿದ್ದವು. ತೆರೆದದ್ದು ಸಿಗದೆ ಅದು ಒಂದೇ ಸಮನೆ ಹುಡುಕುತ್ತಾ ಇತ್ತು. ತಾತ ಎಷ್ಟು ನಕ್ಕರೆಂದರೆ ಯಂತ್ರದ ಅಲಾರಂ ಕೂಗಿ, ನರ್ಸು ಓಡಿಬಂದು, "ತಾತ, ಕೈ ಅಲ್ಲಾಡಿಸ್ಬೇಡಿ," ಎಂದು ಗದರಿದಳು. ಕೊನೆ ಮುಟ್ಟಿದರೆ ಮೊದಲಿಗೆ ಬಾ ಎಂಬ ಸಾಲು ಸೇರಿಸಿದ ಮೇಲೆ ಎಲ್ಲ ಸರಿಯಾಯಿತು. ಆ ನಂತರ ವಿಭಾಗದಲ್ಲಿ ಒಬ್ಬರ ಬದಲು ಇನ್ನೊಬ್ಬರ ಹಾಳೆ ತೆರೆದದ್ದಿಲ್ಲ. ಬಾಗಿಲಮ್ಮ ಆಗಾಗ ಮೇಜಿನ ಬಳಿ ಬಂದು, "ಎಲ್ಲಿ, ನನ್ನ ಗುಂಡಿ ಒತ್ತು ನೋಡೋಣ," ಎಂದು ಒತ್ತಿಸಿ, ತನ್ನ ಹಾಳೆ ಬಂದದ್ದನ್ನು ಕಂಡು ತೃಪ್ತಿಯಿಂದ ತೂಕ ಹತ್ತುತ್ತಿದ್ದರು.

ಒಂದೆರಡು ವರ್ಷ ಹೀಗೆ ನಡೆಯಿತು. ತಾತ ಸೊರಗುತ್ತಾ ಬಂದರು. ಯಂತ್ರಕ್ಕೆ ಹಾಕಿದಾಗಲೆಲ್ಲ ರಕ್ತದೊತ್ತಡ ಕುಸಿಯತೊಡಗಿತು. ಕೈಯ ರಕ್ತನಾಳ ಕೆಟ್ಟು, ಕುತ್ತಿಗೆಯಲ್ಲಿ ನಳಿಗೆ ಇಟ್ಟರು. ಮನೆಗೆ ಹೋದರೆ ಮರುದಿನವೆಲ್ಲ ಏಳಲಾಗದು. ಎದ್ದು ಕೂರುವಷ್ಟರಲ್ಲಿ ಮತ್ತೆ ಬರುವ ದಿನ.

ಒಂದು ದಿನ ಅವರು ಅವಳನ್ನು ಹತ್ತಿರ ಕರೆದರು. "ಡಾಕ್ಟರಿಗೆ ಹೇಳಿದೀನಿ ಕಣಮ್ಮ. ಈ ವಾರ ಆದ್ಮೇಲೆ ನಾನು ಬರಲ್ಲ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಇನ್ನೂ ಹತ್ತಿರ ಬಗ್ಗಿದಳು. "ಬರದೇ ಇದ್ರೆ ಏನಾಗುತ್ತೆ ಅಂತ ಗೊತ್ತಿಲ್ವಾ ತಾತ?"

"ಗೊತ್ತು. ಸಾಯೋಕೆ ಆಸೆ ಏನಿಲ್ಲ. ಇಲ್ಲಿಗೆ ಬರೋದು ಸಾಕಾಗಿದೆ. ಮನೇಲಿ ಒಂದು ಮಧ್ಯಾಹ್ನ ಪೂರ್ತಿ ಮಲಗಬೇಕು. ಬಾಯಾರಿದಾಗ ತುಂಬಿದ ಲೋಟ ನೀರು ಕುಡೀಬೇಕು, ಅಳತೆ ಇಲ್ಲದೆ."

ಅವಳಿಗೆ ಸಿಟ್ಟು ನೆತ್ತಿಗೇರಿತು. "ನನ್ನ ಗಂಡ ಇಲ್ಲಿಗೆ ಬರೋಕೆ ಅಂತ ಬೂಟು ಹಾಕ್ಕೋತಾ ಹಾಕ್ಕೋತಾ ಹೋದ. ಅವನಿಗೆ ಇನ್ನೊಂದು ದಿನ ಸಿಗಲಿಲ್ಲ. ನೀವು ಸಿಕ್ಕಿದ್ದನ್ನ ಬೇಡ ಅಂತೀರಲ್ಲ!" ಎಂದು ತಿರುಗಿ ಹೋದವಳು ಆ ದಿನವೆಲ್ಲ ಅವರ ಕಡೆ ನೋಡಲಿಲ್ಲ.

ಹೊರಗಿನ ಬೆಂಚಿನಲ್ಲಿ ತಾತನ ಮಗಳು ಕಾಯುತ್ತಿದ್ದಳು. ಬೆರಳಿಗೆ ಇನ್ನೂ ನೂಲು ಸುತ್ತಿಕೊಂಡಿತ್ತು. "ಅಕ್ಕ, ನೀವು ಹೇಳಿದ್ರೆ ಕೇಳ್ತಾರೆ. ನನ್ನ ಮಾತು ಕಿವಿಗೇ ಹಾಕ್ಕೊಳ್ಳಲ್ಲ. ಸ್ವಲ್ಪ ಬುದ್ಧಿ ಹೇಳಿ," ಎಂದು ಕೈ ಹಿಡಿದುಕೊಂಡಳು.

ಸಂಜೆ ಅವಳು ಎಲ್ಲವನ್ನೂ ಅತ್ತೆಯ ಮುಂದೆ ಸುರಿದಳು. ತನ್ನ ಕಡೆ ನಿಂತು ಅವರೂ ತಾತನನ್ನು ಬಯ್ಯುತ್ತಾರೆಂದುಕೊಂಡಿದ್ದಳು. ಅತ್ತೆ ಒಲೆಯ ಮೇಲೆ ಹಾಲಿಟ್ಟು ಬಂದು ಎದುರಿಗೆ ಕೂತರು. ಆಮೇಲೆ, "ನಿನ್ನ ಗಂಡನೂ ಅಂದಿದ್ದ," ಎಂದರು.

"ಏನಂತ?"

"'ಸಾಕಾಗಿದೆ ಅಮ್ಮ, ಅವಳಿಗೆ ಹೇಗೆ ಹೇಳಲಿ' ಅಂತ. ನೀನು ಬಟ್ಟೆ ಒಣಗಿಸೋಕೆ ಮಹಡಿಗೆ ಹೋಗಿದ್ದೆ. ನಾನೇ ಬಾಯಿ ಮುಚ್ಚಿಸಿದೆ. ಅವಳು ನಿನಗೋಸ್ಕರ ಕೆಲಸ ಬಿಟ್ಟು ಕೂತಿದಾಳೆ, ಇನ್ನೊಂದು ಸಲ ಆ ಮಾತು ಆಡಬೇಡ ಅಂದೆ. ಆಡಲಿಲ್ಲ. ನಾವಿಬ್ಬರೂ ಬೂಟು ತಂದಿಟ್ವಿ, ಅವನು ಹಾಕ್ಕೊಂಡ."

ಇಬ್ಬರೂ ಕೂತೇ ಇದ್ದರು. ಒಲೆಯ ಮೇಲಿನ ಹಾಲು ಉಕ್ಕಿ ಸುರಿದು ವಾಸನೆ ಬಂದಾಗಲೇ ಎದ್ದದ್ದು. ಅವಳಿಗೆ ಅತ್ತೆಯ ಮೇಲೆ ಸಿಟ್ಟು ಬರಲಿಲ್ಲ. ವಾರಕ್ಕೆ ಮೂರು ಸಲ ಗಂಡನ ಪಕ್ಕದಲ್ಲಿ ಬಸ್ಸಿನಲ್ಲಿ ಕೂತು ಹೋಗಿದ್ದಳು. ದಾರಿಯುದ್ದಕ್ಕೂ ತೂಕದ ಮಾತು, ಮಾತ್ರೆಯ ಮಾತು, ಕುಡಿದ ನೀರಿನ ಮಾತು. ನಿನಗೆ ಹೇಗನ್ನಿಸುತ್ತಿದೆ ಎಂದು ಕೇಳಿದ ನೆನಪು ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ.

ತಾತ ಬರುವುದನ್ನು ನಿಲ್ಲಿಸಿದ ಮೇಲೆ, ಭಾನುವಾರ ಮಧ್ಯಾಹ್ನ ಅವಳು ಅವರ ಮನೆಗೆ ಹೋದಳು. ಹೊಲಿಗೆ ಅಂಗಡಿಯ ಹಿಂದೆಯೇ ಮನೆ. ಮುಂದಿನ ಕೋಣೆಯಲ್ಲಿ ಅರ್ಧ ಹೊಲಿದ ಅಂಗಿಗಳು ತೂಗುತ್ತಿದ್ದವು. ಒಳಗೆ ತಾತ ದಿಂಬಿಗೆ ಒರಗಿ ಕೂತಿದ್ದರು. ಕಾಲು ಊದಿತ್ತು, ಉಸಿರು ಮೇಲುಮೇಲಕ್ಕೆ ಬರುತ್ತಿತ್ತು; ಆದರೆ ಮುಖ ನಿರಾಳವಾಗಿತ್ತು. ಪಕ್ಕದ ಸ್ಟೂಲಿನ ಮೇಲೆ ತುಂಬಿದ ನೀರಿನ ಲೋಟ.

"ತೂಕ ನೋಡೋಕೆ ಬಂದ್ಯಾ?" ಎಂದರು.

"ಇವತ್ತು ರಜೆ ತಾತ."

ಅವರು ನಕ್ಕು ಲೋಟ ಎತ್ತಿಕೊಂಡರು. ಅವಳು ಲೋಟದ ತಳಕ್ಕೆ ಕೈ ಕೊಟ್ಟಳು. ಎಲ್ಲ ಕುಡಿಯಲು ಅವರಿಂದಾಗಲಿಲ್ಲ; ಒಂದೆರಡು ಗುಟುಕು ಕುಡಿದು ಕಣ್ಣು ಮುಚ್ಚಿಕೊಂಡರು. "ಎಷ್ಟು ತಣ್ಣಗಿದೆ," ಎಂದರು.

ಅವಳು ಬುದ್ಧಿ ಹೇಳಲಿಲ್ಲ. ಮಗಳು ಬಾಗಿಲಲ್ಲಿ ನಿಂತು ಆಸೆಯಿಂದ ನೋಡುತ್ತಿದ್ದಳು. ಅವಳನ್ನು ಒಳಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. "ಕೇಳಮ್ಮ, ನಿಮ್ಮಪ್ಪ ಏನು ಹೇಳ್ತಾರೋ ಅದನ್ನ ಕೂತು ಕೇಳು. ನಾನು ಕೇಳಿರಲಿಲ್ಲ," ಎಂದಳು. ಮಗಳು ಬಿಕ್ಕಿದಳು. ತಾತ ಅವಳ ತಲೆಯ ಮೇಲೆ ಕೈಯಿಟ್ಟು, ತನ್ನ ಕ್ಯಾಬಿನ್ನಿನ ಕಿಟಕಿಯಲ್ಲಿ ಅವಳು ಚಿಕ್ಕವಳಾಗಿ ಕೂತು ಹೋಗುವ ಗಾಡಿಗಳಿಗೆಲ್ಲ ಕೈ ಬೀಸುತ್ತಿದ್ದುದನ್ನು ಹೇಳತೊಡಗಿದರು. ಮಧ್ಯೆ ನಿದ್ದೆ ಹೋದರು, ಎದ್ದು ಬಿಟ್ಟಲ್ಲಿಂದ ಮುಂದುವರಿಸಿದರು.

ಆ ವಾರದಲ್ಲೇ ಅವರು ತೀರಿಕೊಂಡರು. ಮಧ್ಯಾಹ್ನದ ನಿದ್ದೆಯಲ್ಲಿ ಹೋದರೆಂದು ಮಗಳು ಫೋನ್ ಮಾಡಿ ಹೇಳಿದಳು. ಇನ್ನೂ ಏನೋ ಹೇಳಬೇಕೆಂದಿದ್ದು, "ನೀವು ಅವತ್ತು ಬಂದದ್ದು ಒಳ್ಳೇದಾಯ್ತಕ್ಕ," ಎಂದಷ್ಟೇ ಹೇಳಿ ಇಟ್ಟಳು.

ಶೀಟಕ್ಕ ಅವರ ಹಾಳೆಯನ್ನು ಕೆಲವು ದಿನ ಮುಟ್ಟಲಿಲ್ಲ. ಸಿಸ್ಟರೂ ಒತ್ತಾಯಿಸಲಿಲ್ಲ. ಆದರೆ ಕುರ್ಚಿಗಾಗಿ ಕಾಯುವವರು ಇದ್ದೇ ಇದ್ದರು. ಹೊಸಬರ ಹೆಸರು ಬಂದ ದಿನ ಅವಳು ತಾತನ ಹಾಳೆ ಬಚ್ಚಿಟ್ಟು, ನಕ್ಷೆಯಲ್ಲಿ ಆ ಗುಂಡಿಗೆ ಹೊಸ ಹೆಸರು ಬರೆದಳು. ಡಾಕ್ಟರು ರೌಂಡ್ಸಿಗೆ ಬಂದಾಗ 'ಮುಂದಿನದು' ಒತ್ತುತ್ತಾ ಹೋದಳು. ಎಲ್ಲೂ ನಿಲ್ಲಲಿಲ್ಲ. ಯಾರಿಗೂ ಏನೂ ತಿಳಿಯಲಿಲ್ಲ. ತಾತನ ಹಾಳೆ ಇದ್ದಲ್ಲಿ ಅವಳು ಮಾತ್ರ ಒಂದು ಕ್ಷಣ ಕೈ ಎತ್ತಿ, ಮತ್ತೆ ಒತ್ತಿದಳು.

ಅದೇ ತಿಂಗಳು ಅವಳು ಪ್ರತಿ ಹಾಳೆಯಲ್ಲೂ ಹೊಸದೊಂದು ಕಾಲಂ ಸೇರಿಸಿದಳು. ತೂಕ, ರಕ್ತದೊತ್ತಡ, ತೆಗೆದ ನೀರು ಇವೆಲ್ಲ ಆದ ಮೇಲೆ, 'ಇವತ್ತು ಏನು ಹೇಳಿದರು' ಎಂದು.

"ಇದು ಯಾತಕ್ಕೆ?" ಎಂದರು ಸಿಸ್ಟರ್.

"ಕೇಳೋಕೆ ಸಿಸ್ಟರ್. ಖಾಲಿ ಇದ್ರೆ ನನಗೇ ನಾಚಿಕೆಯಾಗಿ ಕೇಳ್ತೀನಿ."

ಸಿಸ್ಟರ್ ಡಾಕ್ಟರರನ್ನು ಕೇಳಿದರು. ಡಾಕ್ಟರು, "ಇರಲಿ, ನಾನೂ ಓದ್ತೀನಿ," ಎಂದರು. ಮೊದಮೊದಲು ಬಂದವು ಸಣ್ಣ ಮಾತುಗಳು. ಟಿವಿ ಸದ್ದು ಕಡಿಮೆ ಮಾಡಿ. ಆ ಹೊಸ ನರ್ಸು ಸೂಜಿ ಚುಚ್ಚೋದು ಬೇಡ. ಬಾಗಿಲಮ್ಮ, "ನನ್ನ ಸೊಸೆ ಉಪ್ಪಿಲ್ಲದ ಅಡುಗೆ ಮಾಡಿ ಕೊಲ್ತಾಳೆ ಅಂತ ಬರ್ಕೋ. ಅವಳು ತುಂಬ ಒಳ್ಳೆಯವಳು ಅಂತಾನೂ ಬರ್ಕೋ," ಎಂದರು. ಕಿಟಕಿಯಮ್ಮ ಒಂದು ದಿನ, ಇಷ್ಟು ಕಾಲ ಯಾರಿಗೂ ಹೇಳದೆ ಇದ್ದದ್ದನ್ನು, ಬಿಸಿಲು ನೇರ ಮುಖಕ್ಕೆ ಬೀಳುತ್ತದೆ ಎಂಬುದನ್ನು ಹೇಳಿದರು. ಅವರ ಕುರ್ಚಿಯನ್ನು ಸ್ವಲ್ಪ ಒಳಗೆ ಸರಿಸಿದರು; ಹೆಸರು ಮಾತ್ರ ಬದಲಾಗಲಿಲ್ಲ.

ತಾತನ ಕುರ್ಚಿಗೆ ಬಂದವನು ಒಬ್ಬ ಬಡಗಿ, ಇನ್ನೂ ಗಟ್ಟಿಮುಟ್ಟಾದ ಮೈ. ಅವನು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಹೆಂಡತಿ ಹೊರಗೆ ಬೆಂಚಿನ ಮೇಲೆ ಕೂತಿರುತ್ತಿದ್ದಳು. ಪ್ರತಿ ಸಲವೂ ಶೀಟಕ್ಕ ಹೋಗಿ, "ಇವತ್ತು ಏನಾದ್ರೂ ಹೇಳ್ತೀರಾ?" ಎಂದು ಕೇಳುವಳು. ಅವನು ಇಲ್ಲವೆಂದು ತಲೆಯಾಡಿಸುವನು. ಅವಳು 'ಏನೂ ಹೇಳಲಿಲ್ಲ' ಎಂದು ಬರೆದು ಮುಂದಿನವರ ಬಳಿ ಹೋಗುವಳು.

ಕೆಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ ಕೇಳಿದಾಗ ಅವನು ಚಾವಣಿ ನೋಡುತ್ತಲೇ, "ಕಾಲು ತುಂಬ ತಣ್ಣಗಾಗುತ್ತೆ," ಎಂದ.

ಅವಳು ಬರೆದುಕೊಂಡಳು. ಬಟ್ಟೆ ಕೋಣೆಗೆ ಹೋಗಿ ಒಂದು ಕಂಬಳಿ ತಂದು ಅವನ ಕಾಲಿಗೆ ಹೊದಿಸಿದಳು. ಆಮೇಲೆ ಹೊರಗೆ ಹೋಗಿ ಬೆಂಚಿನ ಮೇಲೆ ಅವನ ಹೆಂಡತಿಯ ಪಕ್ಕ ಕೂತು, "ನಾಳಿದ್ದು ಬರುವಾಗ ಉಣ್ಣೆಯ ಕಾಲುಚೀಲ ತನ್ನಿ," ಎಂದಳು. "ಅವರು ಮಾತಾಡಿದ್ರಾ?" ಎಂದು ಆ ಹೆಂಗಸು ಎದ್ದೇ ನಿಂತಳು. ಶೀಟಕ್ಕ ಅವಳನ್ನು ಕೈ ಹಿಡಿದು ಮತ್ತೆ ಕೂರಿಸಿದಳು.